ಬಿಸಿಲಿಗೆ ಹಾಕಿದ ಬೂಷ್ಟು

ಬೂಷ್ಟಿಗೂ ನನಗೂ ಹಳೆಯ ವೈರ. ಉಪ್ಪಿನಕಾಯಿ ಭರಣಿಯ ಬಾಯಲ್ಲಿ ಒಂದು ಬಿಳಿ ಚುಕ್ಕೆ ಕಂಡರೂ ಸಾಕು, ಅದಕ್ಕೆ ಮುಂಡರಗಿಯ ಬಿಸಿಲು ತೋರಿಸದೆ ಬಿಡುವವನಲ್ಲ. ಮನೆಯವಳು ಮೆಚ್ಚಿದ ನನ್ನ ಗುಣ ಇದೊಂದೇ. ಅದೇ ಗುಣ ಸೊಸೆಯ ಕಣ್ಣಲ್ಲಿ ನೀರು ತರಿಸಿತೆಂದು ಹೇಳಲು ಈಗಲೂ ನಾಚಿಕೆ.

ಸೊಸೆ ಗಿರಿಜಾ ಕೃಷಿ ಓದಿದವಳು. ಶೇಂಗಾದ ಬುಡ ಕೊಳೆಸುವ ರೋಗವನ್ನು ತಿಂದುಹಾಕುವ ಒಳ್ಳೆಯ ಜಾತಿಯ ಬೂಷ್ಟೊಂದನ್ನು ಹಿತ್ತಲ ಕೋಣೆಯಲ್ಲಿ ಸಾಕಿ, ಬೀಜಕ್ಕೆ ಹಚ್ಚುವ ಪುಡಿ ಮಾಡಿದ್ದಳು. ಡಂಬಳದ ನನ್ನ ಗೆಳೆಯ ಮೌಲಾಸಾಬ ತನ್ನ ಹೊಲದಲ್ಲಿ ಹಾಕಿ ನೋಡಿ ತಲೆದೂಗಿದ್ದ. ಆದರೆ ಜನ ತಿನ್ನುವ ಬೆಳೆಗೆ ಹಾಕುವ ಔಷಧ. ಸರಕಾರ ಪರೀಕ್ಷಿಸಿ ಒಪ್ಪದ ಹೊರತು ಮಾರುವಂತಿಲ್ಲ. ಒಪ್ಪಿಗೆ ಸಿಗದಿದ್ದರೆ ಅವಳ ವರ್ಷಗಳ ದುಡಿಮೆ ಹಿತ್ತಲಲ್ಲೇ ಉಳಿಯುತ್ತಿತ್ತು.

ಪರೀಕ್ಷೆಗೆ ಮಾದರಿ ಕಳಿಸುವ ಹಿಂದಿನ ದಿನ ಅವಳು ಗದಗಿಗೆ ಹೋಗಿದ್ದಾಗ ಡಬ್ಬಿಯ ಮುಚ್ಚಳ ತೆಗೆದೆ. ಹಸಿರು ಬಣ್ಣ, ಮುಗ್ಗಲು ವಾಸನೆ. ಇದನ್ನು ದೊಡ್ಡ ಸಾಹೇಬರ ಮುಂದೆ ಇಡುವುದೇ? ಮನೆತನದ ಮರ್ಯಾದೆ ಏನಾದೀತು? ಸಂಡಿಗೆ ಇಡುವ ಹಳೆಯ ಧೋತರವನ್ನು ಮಾಳಿಗೆಯ ಮೇಲೆ ಹಾಸಿ, ಕೆಂಪು ಮೆಣಸಿನಕಾಯಿಯ ಪಕ್ಕ ಪುಡಿಯನ್ನೂ ಹರವಿದೆ. ಚೆನ್ನಾಗಿ ಬಿಸಿಲು ಕುಡಿಸಿ, ಸಾಣಿಗೆಯಲ್ಲಿ ಸೋಸಿ ಮತ್ತೆ ಡಬ್ಬಿಗೆ ತುಂಬಿದೆ. ಮಗಳ ಮನೆಗೆ ಕಳಿಸುವ ಬುತ್ತಿಯನ್ನೂ ಅಷ್ಟು ಅಚ್ಚುಕಟ್ಟಾಗಿ ಕಟ್ಟಿದವನಲ್ಲ.

ಉತ್ತರ ಬಂದ ದಿನ ಮೌಲಾಸಾಬ ನಮ್ಮ ಕಟ್ಟೆಯ ಮೇಲೇ ಕೂತಿದ್ದ.

“ಮಾವಾರ, ಅದರಾಗ ಜೀವಾನ ಇಲ್ಲಂತರಿ,” ಎಂದು ಗಿರಿಜಾ ಕಣ್ಣೊರೆಸಿಕೊಂಡಳು.

ತಡೆಯಲಾರದೆ ಎಲ್ಲ ಹೇಳಿಬಿಟ್ಟೆ.

ಮೌಲಾಸಾಬ ಹಣೆ ಬಡಿದುಕೊಂಡ. “ಲೇ ಬಸ್ಯಾ, ಬೂಷ್ಟು ಹಿಡದೈತಿ ಅಂತ ಮಾಲು ತಿರುಗಿ ಬಂದದ್ದು ನೋಡೇನಿ. ಬೂಷ್ಟು ಸತ್ತೈತಿ ಅಂತ ಬಂದದ್ದು ನಿಮ್ಮ ಮನೀದೊಂದ!”

ಗಿರಿಜಾ ಅಳುತ್ತಲೇ ನಕ್ಕಳು. “ಇನ್ನೊಮ್ಮಿ ಕಳಸ್ತೇನ್ರಿ. ನೀವಷ್ಟು ಹಿತ್ತಲಕಡೆ ಹಾಯಬ್ಯಾಡ್ರಿ.”

ಹಾಯಲಿಲ್ಲ. ಒಪ್ಪಿಗೆ ಬಂತು! ಈಗ ಆ ಔಷಧದ ಖಾಲಿ ಪೊಟ್ಟಣವೊಂದು ಸದಾ ನನ್ನ ಜೇಬಿನಲ್ಲಿರುತ್ತದೆ. ಲಕ್ಷ್ಮೇಶ್ವರದ ಬಸ್ಸಿನಲ್ಲಿ ಪಕ್ಕದವರ ಗುರುತಿರಲಿ ಬಿಡಲಿ, ಲಗ್ನಪತ್ರಿಕೆಯಂತೆ ಕೈಗಿಡುತ್ತೇನೆ. “ನಮ್ಮ ಸೊಸಿ ಮಾಡಿದ್ದರಿ, ಸರಕಾರನ ಒಪ್ಪೇತಿ!” ನಾನು ಮೆಟ್ರಿಕ್ ಪಾಸಾದಾಗಲೂ ಎದೆ ಇಷ್ಟು ಉಬ್ಬಿರಲಿಲ್ಲ.

ಮೊನ್ನೆ ಶಿರಹಟ್ಟಿಯ ರೈತರೊಬ್ಬರು ಪೊಟ್ಟಣ ತಿರುಗಿಸಿ ನೋಡಿ ಕೇಳಿದರು: “ಅಲ್ಲರೀ ಅಜ್ಜಾರ, ಔಷಧದ ಹೆಸರಿಗಿಂತ ದೊಡ್ಡ ಅಕ್ಷರದಾಗ ‘ಬಿಸಿಲಿಗೆ ಹರವಬಾರದು’ ಅಂತ ಬರದಾರಲ್ಲ! ಇದನ್ನ ಬಿಸಿಲಿಗೆ ಹರವೋ ಶಾಣ್ಯಾ ಯಾರದಾರ್ರೀ?”

“ಇರತಾರ್ರಿ,” ಎಂದೆ. ಔಷಧವೆಲ್ಲ ಗಿರಿಜಾಳದು, ಅದರಲ್ಲಿ ನನ್ನ ಪಾಲು ಆ ಒಂದು ಸಾಲು.