ಹೆಂಡತಿ ಹೊಗಳಿದ ಚಿತ್ರ

ಗಂಡ ಬರೆದ ಚಿತ್ರವನ್ನು ಹೆಂಡತಿ ಹೊಗಳಿದರೆ ಗಂಡನಾದವನು ಮೊದಲು ಹೆದರಬೇಕು. ನಮ್ಮ ಡ್ರಾಯಿಂಗ್ ಮೇಷ್ಟ್ರು ಹೆದರಲಿಲ್ಲ, ಉಬ್ಬಿದರು. ಎಲ್ಲ ಕೆಟ್ಟದ್ದು ಅಲ್ಲಿಂದಲೇ.

ಮದುವೆಯಾದಾಗಿನಿಂದ ಆ ಮನೆಯಲ್ಲಿ ಕಲಾವಿಮರ್ಶೆಯ ಮಹಾಪೀಠ ಅಡುಗೆಮನೆಯಲ್ಲಿತ್ತು. ಹೊಸ ಚಿತ್ರ ಮುಗಿದ ಕೂಡಲೇ ಮೇಷ್ಟ್ರ ಹೆಂಡತಿ ಕೈ ಒರೆಸಿಕೊಳ್ಳುತ್ತಾ ಹಿಂದಿನ ಕೋಣೆಗೆ ಬಂದು, ಸೊಂಟದ ಮೇಲೆ ಕೈಯಿಟ್ಟು ನಿಂತು ತೀರ್ಪು ಕೊಡುತ್ತಿದ್ದರು. “ರೀ, ಇದು ಹಸುನೋ, ಕಂಬಳಿ ಹೊದಿಸಿದ ಮಂಚನೋ?” “ಈ ದೋಣಿ ನೀರಿನ ಮೇಲಿದೆಯಾ, ಇಲ್ಲಾ ನೀರೇ ದೋಣಿ ಮೇಲಿದೆಯಾ?” ಒಮ್ಮೆ ಮೇಷ್ಟ್ರು ಬೆವರು ಸುರಿಸಿ ಸೂರ್ಯೋದಯ ಬರೆದಿದ್ದರು. ಆಕೆ ನೋಡಿ, “ಪಾಪ, ಮೊಟ್ಟೆ ಸೀದುಹೋಯ್ತಾ?” ಎಂದು ಕೇಳಿ ಒಳಗೆ ಹೋದರು. (ಆ ವಾರವೆಲ್ಲ ಮೇಷ್ಟ್ರು ಸೂರ್ಯನಿಗೆ ಮುಖ ತೋರಿಸಲಿಲ್ಲ.) ತೊಂದರೆಯೆಂದರೆ ಆಕೆಯ ಮಾತು ಒಂದೂ ಸುಳ್ಳಾಗಿರುತ್ತಿರಲಿಲ್ಲ. ಮೇಷ್ಟ್ರು ಒಂದೆರಡು ದಿನ ಮುಖ ಊದಿಸಿಕೊಂಡು ಓಡಾಡಿ, ಆಮೇಲೆ ಯಾರಿಗೂ ಕಾಣದಂತೆ ಹಸುವಿನ ಕಾಲು ತಿದ್ದುತ್ತಿದ್ದರು. ಪ್ರಶಸ್ತಿ, ಪದಕ ಯಾವುದರ ಆಸೆಯೂ ಅವರಿಗಿರಲಿಲ್ಲ. ಈ ಒಬ್ಬಳ ಬಾಯಲ್ಲಿ ಒಂದು ಸಲ ‘ಚೆನ್ನಾಗಿದೆ’ ಅನ್ನಿಸಿಕೊಂಡು ಸಾಯಬೇಕು ಅನ್ನುವುದಷ್ಟೇ ಆಸೆ.

ಇಂಥ ಹೆಂಡತಿ ಒಂದು ಸಂಜೆ, “ಬೆಟ್ಟ ಬರೆದಿದ್ದೀನಿ, ಬಾ” ಎಂದು ಮೇಷ್ಟ್ರು ಕರೆದಾಗ ಬಂದು ಹೊಸ ಚಿತ್ರದ ಮುಂದೆ ನಿಂತು, “ಚೆನ್ನಾಗಿದೆ ರೀ” ಎಂದರು.

ಮೇಷ್ಟ್ರ ಕೈಯಿಂದ ಕುಂಚ ಜಾರಿತು. “ಏನಂದೆ?”

“ಚೆನ್ನಾಗಿದೆ ಅಂದೆ. ಬೆಟ್ಟ ಚೆನ್ನಾಗಿ ಬಂದಿದೆ.”

“ನೇರಳೆ ಸ್ವಲ್ಪ ಜಾಸ್ತಿ ಆಗಿಲ್ವಾ?”

“ಇಲ್ಲಪ್ಪ, ಅದೇ ಚೆಂದ.”

ಮೇಷ್ಟ್ರು ನೆಲಕ್ಕಿಂತ ಗೇಣುದ್ದ ಮೇಲೆ ನಡೆದಾಡಿದರು. ಮುಂದಿನ ಚಿತ್ರಕ್ಕೂ ಅದೇ ಮಾತು, ಅದರ ಮುಂದಿನದಕ್ಕೂ ಅದೇ. ಒಂದು ವರ್ಷ ಕಳೆದರೂ ಮಹಾಪೀಠದಿಂದ ಒಂದು ಆಕ್ಷೇಪಣೆಯೂ ಬರಲಿಲ್ಲ. ತಮ್ಮ ಪ್ರತಿಭೆ ಕಡೆಗೂ ಹಣ್ಣಾಯಿತು ಎಂದು ಮೇಷ್ಟ್ರು ತೀರ್ಮಾನಿಸಿದರು. ಸ್ಟಾಫ್ ರೂಮಿನಲ್ಲಿ ಗಣಿತದ ಮೇಷ್ಟ್ರನ್ನು ಹಿಡಿದು ಕೂರಿಸಿ, “ನಿಜವಾದ ಕಲೆ ಕೊನೆಗೆ ಹೆಂಡತೀನೂ ಗೆಲ್ಲುತ್ತೆ ಸಾರ್” ಎಂದರು.

“ಹೆಂಡತಿ ತಪ್ಪು ಹುಡುಕ್ತಿಲ್ಲ ಅಂದ್ರೆ ಎಲ್ಲೋ ಲೆಕ್ಕ ತಪ್ಪಿದೆ” ಎಂದರು ಗಣಿತದ ಮೇಷ್ಟ್ರು. ಹೊಟ್ಟೆಕಿಚ್ಚಿನ ಮನುಷ್ಯ ಎಂದುಕೊಂಡು ನಮ್ಮ ಮೇಷ್ಟ್ರು ಕ್ಲಾಸಿಗೆ ಹೋದರು.

ಕ್ಲಾಸಿನಲ್ಲಿ ಮೇಜಿನ ಮೇಲೆ ಒಂದು ಮಗ್ಗು ಇಟ್ಟು ಮಕ್ಕಳಿಂದ ಅದನ್ನು ಬರೆಸುವುದು ಅವರ ಪದ್ಧತಿ. ಒಬ್ಬಳು ಹುಡುಗಿ ಹಿಡಿಯಿಲ್ಲದ ಮಗ್ಗು ಬರೆದಿದ್ದಳು. ಹಿಡಿ ಎಲ್ಲಿ ಎಂದರೆ, “ನಂಗೆ ಕಾಣಲ್ಲ ಸಾರ್, ಆ ಕಡೆ ಇದೆ” ಎಂದಳು. ಮೇಷ್ಟ್ರಿಗೆ ಆನಂದವೋ ಆನಂದ. “ಭೇಷ್! ಎಲ್ಲರೂ ಕೇಳಿ. ಗೊತ್ತಿರೋದನ್ನ ಬರೀಬೇಡಿ, ಕಾಣೋದನ್ನ ಬರೀರಿ. ನಮಗೆ ಗೊತ್ತು ಅಂದುಕೊಂಡ ಕೂಡಲೇ ನೋಡೋದು ಬಿಟ್ಟುಬಿಡ್ತೀವಿ” ಎಂದು ಉಪದೇಶ ಮಾಡಿದರು. ಉಪದೇಶ ಮಾಡಿದವರೇ ಸಂಜೆ ಮನೆಗೆ ಬಂದು, ತಮಗೆಲ್ಲ ಗೊತ್ತು ಎಂದುಕೊಂಡಿದ್ದ ಹೆಂಡತಿಯ ಎದುರು ಕೂತು ಚಹಾ ಕುಡಿದರು.

ಹೆಂಡತಿ ಬದಲಾಗಿದ್ದರು ಅನ್ನುವುದು ಅವರ ಗಮನಕ್ಕೆ ಬಂದಿರಲಿಲ್ಲವೆಂದಲ್ಲ. ಬಂದಿತ್ತು, ಆದರೆ ಎಲ್ಲವೂ ಅವರಿಗೆ ಪ್ರೀತಿಯಾಗಿ ಕಂಡಿತ್ತು. ಪತ್ರಿಕೆ ಓದುವುದನ್ನು ಆಕೆ ಬಿಟ್ಟಿದ್ದರು. “ನೀವೇ ಓದಿ, ನಿಮ್ಮ ಬಾಯಲ್ಲಿ ಕೇಳೋಕೆ ಚೆಂದ” ಎಂದಾಗ ಮೇಷ್ಟ್ರು ಸಿನಿಮಾ ಜಾಹೀರಾತನ್ನೂ ಭಾವತುಂಬಿ ಓದಿದರು. ರಸ್ತೆಯಲ್ಲಿ ಮಾರು ದೂರ ನಡೆಯುತ್ತಿದ್ದವರು ಈಗ ತೋಳು ಹಿಡಿದು ನಡೆಯುತ್ತಿದ್ದರು. (ಮುದಿತನದಲ್ಲಿ ಮರುಯೌವನ ಎಂದು ಮೇಷ್ಟ್ರು ಮನಸ್ಸಿನಲ್ಲೇ ನಾಚಿದರು.) ಸ್ಟೂಲನ್ನೋ ಚಪ್ಪಲಿಯನ್ನೋ ಒಂದಿಷ್ಟು ಸರಿಸಿದರೆ ಮಾತ್ರ ಮನೆ ಹಾರಿಹೋಗುವಂತೆ ಕೂಗಾಡುತ್ತಿದ್ದರು. ವಯಸ್ಸಾದಂತೆ ಶಿಸ್ತು ಹೆಚ್ಚುತ್ತದೆ ಎಂದು ಮೇಷ್ಟ್ರು ಸ್ಟೂಲನ್ನು ಮತ್ತೆ ಅದರ ಜಾಗಕ್ಕಿಡುತ್ತಿದ್ದರು. ಕಪಾಟಿನಲ್ಲಿ ಕಣ್ಣಿಗೆ ಹಾಕುವ ಹನಿಯ ಶೀಶೆ ಕಂಡಾಗ, ತಾವು ಚಿತ್ರಕ್ಕೆ ಬಳಸುವ ಇದ್ದಿಲ ಪುಡಿ ಆಕೆಯ ಕಣ್ಣಿಗೆ ಬಿದ್ದಿರಬೇಕು ಎಂದು ಎರಡು ದಿನ ಕಿಟಕಿ ತೆರೆದಿಟ್ಟು ಕೆಲಸ ಮಾಡಿದರು.

ಆ ಉಬ್ಬಿನಲ್ಲೇ ಮೇಷ್ಟ್ರಿಗೊಂದು ಭವ್ಯ ಯೋಚನೆ ಹೊಳೆಯಿತು. ಇಷ್ಟೆಲ್ಲ ಹೊಗಳಿದವಳಿಗೆ ತಿರುಗಿ ಏನಾದರೂ ಕೊಡಬೇಡವೇ? ಆಕೆಯದೇ ಭಾವಚಿತ್ರ ಬರೆದು ಬೆರಗುಗೊಳಿಸುವುದು. ಹಿಂದೆ ಎಷ್ಟು ಅಂಗಲಾಚಿದರೂ, “ಹಸೂಗೆ ಆದ ಗತಿ ನಂಗೆ ಬೇಡ” ಎಂದು ಆಕೆ ಓಡಿಹೋಗುತ್ತಿದ್ದರು. ಅದಕ್ಕೇ ಈ ಸಲ ಗುಟ್ಟು. “ಒಂದು ದೊಡ್ಡ ಕೆರೆ ಬರೀತಿದ್ದೀನಿ, ಮುಗಿಯೋವರೆಗೂ ಹತ್ತಿರ ಬರಬೇಡ” ಎಂದು ಹೇಳಿ, ಹಿಂದಿನ ಕೋಣೆಯಲ್ಲಿ ಹಲಗೆಗೆ ಕ್ಯಾನ್ವಾಸ್ ಏರಿಸಿದರು. ಆಕೆ ದಿನವೂ ಸಂಜೆ ಅದೇ ಕೋಣೆಯ ಕಿಟಕಿಯ ಬಳಿ ಬಟಾಣಿ ಬಿಡಿಸುತ್ತಾ ರೇಡಿಯೋ ಕೇಳುತ್ತಿದ್ದರು. ಮೇಷ್ಟ್ರು ಎದುರೇ ನಿಂತು ಕಣ್ಣು ಕೀಲಿಸಿ ನೋಡಿದರೂ ಆಕೆ ಗದರಲಿಲ್ಲ. ಅದೃಷ್ಟವೆಂದರೆ ಇದು ಎಂದುಕೊಂಡರು.

ಮುಖ ಕೂಡಿಬಂತು, ಹಣೆ ಕೂಡಿಬಂತು, ಕಿವಿಯ ಮೇಲಿನ ನರೆಗೂದಲೂ ಕೂಡಿಬಂತು. ಕಣ್ಣು ಮಾತ್ರ ಕೂಡಿಬರಲೊಲ್ಲದು. ಬರೆದ ಕಣ್ಣು ಇವರತ್ತ ತಿರುಗಿದ್ದರೂ ಇವರನ್ನು ನೋಡುತ್ತಿರಲಿಲ್ಲ. ಎಲ್ಲೋ ದೂರಕ್ಕೆ, ಗೋಡೆಯಾಚೆಗೆ ನೋಡುತ್ತಿತ್ತು. ಮೇಷ್ಟ್ರು ಕೆರೆದರು, ಮತ್ತೆ ಬರೆದರು. ಮತ್ತೆ ಅದೇ ನೋಟ. “ಥೂ, ಮಹಾ ಕಲಾವಿದ” ಎಂದು ತಮ್ಮನ್ನೇ ಬೈದುಕೊಂಡರು.

ಆಗಲೇ ನಾದಿನಿ ಬಂದದ್ದು. ಹೆಂಡತಿಯ ತಂಗಿ, ಬಾಯಿ ತೆರೆದರೆ ನಿಲ್ಲದ ಹೆಣ್ಣು. ಅಕ್ಕ ಅಡುಗೆಮನೆಯಲ್ಲಿದ್ದಾಗ ಮೇಷ್ಟ್ರು ಆಕೆಯನ್ನು ಕೋಣೆಗೆ ಕರೆದು ಚಿತ್ರದ ಮೇಲಿನ ಬಟ್ಟೆ ತೆಗೆದರು. ನಾದಿನಿ ನೋಡಿದಳು. ಮಾತು ನಿಂತಿತು. ಕಣ್ಣಿಂದ ಬಳಬಳನೆ ನೀರು ಸುರಿಯಿತು.

ಮೇಷ್ಟ್ರಿಗೆ ರೋಮಾಂಚನ. ತಮ್ಮ ಚಿತ್ರದ ಮುಂದೆ ಒಬ್ಬರು ಅಳುತ್ತಿರುವುದು ಇದೇ ಮೊದಲು. (ನಕ್ಕವರು ಬಹಳ ಜನ ಇದ್ದರು.)

“ಭಾವ, ನಿಮಗೆ ಗೊತ್ತಾಗಿಬಿಟ್ಟಿತಾ?”

“ಕಲಾವಿದನಿಗೆ ಗೊತ್ತಾಗದೆ ಇರುತ್ತೇನಮ್ಮ?” ಎಂದರು ಮೇಷ್ಟ್ರು, ಗಂಭೀರವಾಗಿ. ಅಕ್ಕನ ಅಂತರಂಗದ ಸೌಂದರ್ಯದ ಬಗ್ಗೆ ಕೇಳುತ್ತಿದ್ದಾಳೆ ಎಂದೇ ಅವರ ನಂಬಿಕೆ.

“ಸದ್ಯ. ನಂಗಂತೂ ಹೊಟ್ಟೇಲಿಟ್ಟುಕೊಂಡು ಸಾಕಾಗಿತ್ತು” ಎಂದು ಕಣ್ಣೊರೆಸಿಕೊಂಡು ಹೋದಳು. ಮೇಷ್ಟ್ರಿಗೆ ಅರ್ಥವಾಗಲಿಲ್ಲ. ನಾದಿನಿಯನ್ನೇ ಅಳಿಸಿದ ಕಣ್ಣನ್ನು ತಿದ್ದುವುದು ಬೇಡ ಎಂದುಕೊಂಡು, ಮೂಗಿಗೆ ಇನ್ನೊಂದು ಪದರ ಬಣ್ಣ ಕೊಟ್ಟು ಚಿತ್ರ ಮುಗಿಸಿದರು.

ಅದೇ ಸಂಜೆ, ಬಣ್ಣ ಹಸಿಯಿರುವಾಗಲೇ, “ಬಾರೇ, ಮುಗೀತು, ನೋಡು” ಎಂದು ಹೆಂಡತಿಯನ್ನು ಕರೆದರು. ರಿಸಲ್ಟ್ ನೋಡಲು ಹೋದ ಹುಡುಗನಂತೆ ಚಿತ್ರದ ಪಕ್ಕ ನಿಂತು ಕಾದರು. ಆಕೆ ಬಂದು ಚಿತ್ರದ ಮುಂದೆ ನಿಂತರು.

“ಚೆನ್ನಾಗಿದೆ ರೀ. ನೀರು ಎಷ್ಟು ತಿಳಿಯಾಗಿ ಬಂದಿದೆ!”

“ನೀರಾ?”

“ಹೂಂ. ಕೆರೆ ಅಂದ್ರೆ ಹೀಗಿರಬೇಕು. ಆಚೆ ದಡದ ಮರಾನೂ ಚೆನ್ನಾಗಿದೆ.”

ಮೇಷ್ಟ್ರಿಗೆ ಸಿಟ್ಟು ನೆತ್ತಿಗೇರಿತು. ವರ್ಷವಿಡೀ ಹೊಗಳಿದ್ದು ಇದಕ್ಕೇನಾ, ಒಂದೇ ಏಟಿಗೆ ಬಡ್ಡಿಸಮೇತ ತೀರಿಸಲಿಕ್ಕಾ? “ನಿನ್ನ ಮುಖ ನಿಂಗೆ ಕೆರೆ ಥರ ಕಾಣುತ್ತಾ? ಇಷ್ಟು ಕಷ್ಟಪಟ್ಟು ನಿನ್ನನ್ನ ಬರೆದ್ರೆ ಗೇಲಿ ಮಾಡ್ತೀಯಾ? ತಮಾಷೆಗೂ ಒಂದು ಮಿತಿ ಬೇಡ್ವಾ?”

“ನನ್ನ ಮುಖಾನಾ?” ಎಂದರು ಆಕೆ, ಬಹಳ ಮೆಲ್ಲಗೆ. ಆಮೇಲೆ ಕೈಚಾಚಿ, ಗಾಳಿಯಲ್ಲಿ ತಡವಿ, ಸ್ಟೂಲು ಸಿಕ್ಕಿದ ಮೇಲೆ ಕೂತರು.

ಆ ಕೈ ಸ್ಟೂಲನ್ನು ಹುಡುಕಿದ್ದನ್ನು ಮೇಷ್ಟ್ರು ನೋಡಿದರು. ಚಿತ್ರದ ಕಣ್ಣು ನೋಡಿದರು, ಹೆಂಡತಿಯ ಕಣ್ಣು ನೋಡಿದರು. ಎರಡರಲ್ಲೂ ಅದೇ ನೋಟ. ಕೈ ಕಂಡದ್ದನ್ನು ಕಂಡ ಹಾಗೆಯೇ ಬರೆದಿತ್ತು, ಮೇಷ್ಟ್ರಿಗೆ ಮಾತ್ರ ಕಂಡಿರಲಿಲ್ಲ. ನಾಚಿಕೆ ಮೊದಲು ಬಂತೋ ದುಃಖ ಮೊದಲು ಬಂತೋ ಅವರಿಗೇ ತಿಳಿಯಲಿಲ್ಲ. ಆಕೆಯ ಎದುರು ನೆಲದ ಮೇಲೆ ಕೂತರು.

“ಯಾವಾಗಿಂದ?”

“ನೀವು ದೊಡ್ಡ ಕಲಾವಿದರಾದಾಗಿನಿಂದ.”

“ಡಾಕ್ಟರು?”

“ತಂಗಿ ಕರ್ಕೊಂಡು ಹೋಗಿದ್ಲು. ಕಣ್ಣಿನ ನರ ಒಣಗಿದೆಯಂತೆ, ಹೋದದ್ದು ವಾಪಸ್ ಬರಲ್ಲವಂತೆ. ಬೆಳಕು ಕಾಣುತ್ತೆ, ನೆರಳು ಕಾಣುತ್ತೆ. ನೀವು ಒಂದು ನೆರಳು. ಸ್ವಲ್ಪ ಡೊಳ್ಳುಹೊಟ್ಟೆ ನೆರಳು.”

“ನಂಗ್ಯಾಕೆ ಹೇಳಲಿಲ್ಲ?”

“ಹೇಳಿದ್ರೆ ಕುಂಚ ಬಿಸಾಕಿ ನನ್ನ ಕೈ ಹಿಡ್ಕೊಂಡು ಅಡುಗೆಮನೇಲಿ ಕೂರ್ತಿದ್ರಿ. ಇಡೀ ದಿನ ನಿಮ್ಮನ್ನ ಅಲ್ಲಿ ಸಹಿಸೋರ್ಯಾರು?”

“ಹೇಳದಿದ್ರೆ ಹೋಗಲಿ, ಹೊಗಳಿದ್ದಾದ್ರೂ ಯಾಕೆ?”

“ಬೈಯೋಕೆ ಕಣ್ಣು ಕಾಣಬೇಕಲ್ಲ ರೀ. ಹೊಗಳೋಕೆ ಏನು ಕಾಣಬೇಕು?”

ಮೇಷ್ಟ್ರು ಬಾಯಿಗೆ ಬಟ್ಟೆ ಅಡ್ಡ ಹಿಡಿದುಕೊಂಡು ಅತ್ತರು. ಆಕೆಗೆ ಕೇಳಿಸಿತು, ಕೇಳಿಸದವರಂತೆ ಕೂತಿದ್ದರು. ಸ್ವಲ್ಪ ಹೊತ್ತಿನ ಮೇಲೆ ಎದ್ದು ಕೈ ಮುಂದೆ ಮಾಡಿ ಕ್ಯಾನ್ವಾಸನ್ನು ಮುಟ್ಟಿದರು. ಹಸಿ ಬಣ್ಣ ಬೆರಳಿಗೆ ಮೆತ್ತಿತು. ಹಣೆ, ಹುಬ್ಬು ದಾಟಿ ಬೆರಳು ಮೂಗಿನ ಮೇಲೆ ನಿಂತಿತು.

“ರೀ, ಮೂಗು ಇಷ್ಟು ದಪ್ಪ ಬೇಕಿತ್ತಾ? ಆಲೂಗಡ್ಡೆ ಇಟ್ಟ ಹಾಗಿದೆ.”

ವರ್ಷದ ಮೇಲೆ ಬಂದ ಮೊದಲ ಬೈಗುಳ. ಅಷ್ಟು ಹೊಗಳಿಕೆಯಲ್ಲಿ ಸಿಗದ ಸಮಾಧಾನ ಮೇಷ್ಟ್ರಿಗೆ ಅದರಲ್ಲಿ ಸಿಕ್ಕಿತು. “ದಪ್ಪ ಆಯ್ತು ಕಣೇ. ಇಳಿಸ್ತೀನಿ” ಎಂದರು.

“ಕಣ್ಣು ಹೇಗೆ ಬಂದಿದೆ?”

ಮೇಷ್ಟ್ರು ಚಿತ್ರ ನೋಡಿದರು. ಈ ಜನ್ಮದಲ್ಲಿ ಅವರು ಬರೆದದ್ದರಲ್ಲೆಲ್ಲ ಕೂದಲೆಳೆಯಷ್ಟೂ ತಪ್ಪಿಲ್ಲದೆ ಬಂದದ್ದು ಆ ಎರಡು ಕಣ್ಣು ಮಾತ್ರ.

“ಅದೇ ಸರಿ ಬಂದಿಲ್ಲ ಕಣೇ” ಎಂದರು.

ಆಕೆ ಬಣ್ಣದ ಬೆರಳನ್ನು ಮೇಷ್ಟ್ರ ಅಂಗಿಗೇ ಒರೆಸಿದರು. “ನಂದೇ ತಪ್ಪು ಬಿಡಿ. ಹೊಗಳಿ ಹೊಗಳಿ ನಿಮ್ಮ ಕೈ ಕೆಡಿಸಿಬಿಟ್ಟೆ.”