ನೆವಿಲ್ ಕ್ರ್ಯಾಬ್‌ಟ್ರೀ ಮನೆ ಕೊಂಡ ಶುಕ್ರವಾರ

“ಒಂದು ಸಣ್ಣ ತೊಂದರೆ ಆಗಿದೆ,” ಎಂದಳು ದಲ್ಲಾಳಿ ಫಿಯೋನಾ ಫೋನಿನಲ್ಲಿ.

ಕಳೆದ ಏಳು ತಿಂಗಳಲ್ಲಿ ನೆವಿಲ್ ಕ್ರ್ಯಾಬ್‌ಟ್ರೀ ಈ ಮಾತನ್ನು ಎಷ್ಟು ಸಲ ಕೇಳಿದ್ದನೆಂದರೆ, ಈಗೀಗ ಅವಳ ಹೆಸರು ಫೋನಿನಲ್ಲಿ ಕಂಡರೆ ಸಾಕು, ಕ್ಯಾಲೆಂಡರಿನತ್ತ ಕೈ ಹೋಗುತ್ತಿತ್ತು.

ನೆವಿಲ್ ಹ್ಯಾಲಿಫ್ಯಾಕ್ಸ್ ಊರಿನ ಬಸ್ ಡಿಪೋದಲ್ಲಿ, ಜನ ಬಿಟ್ಟುಹೋದ ಕೊಡೆ, ಟೋಪಿ, ಹಲ್ಲಿನ ಸೆಟ್ಟುಗಳನ್ನು ಕಾಯುವ ಗುಮಾಸ್ತ. ನಲವತ್ತೆರಡು ವಯಸ್ಸು. ಇಪ್ಪತ್ತು ವರ್ಷ ಬಾಡಿಗೆ ಕೋಣೆಯಲ್ಲಿ ಕಳೆದ ಮೇಲೆ, ಮಾರ್ಚ್ ತಿಂಗಳಲ್ಲಿ ಒಂದು ಪುಟ್ಟ ಮನೆಗೆ ಅವನು ಹೇಳಿದ ಬೆಲೆ ಒಪ್ಪಿಗೆಯಾಗಿತ್ತು. “ಎಂಟು ವಾರ, ಹೆಚ್ಚೆಂದ್ರೆ ಹನ್ನೆರಡು,” ಎಂದಿದ್ದಳು ಫಿಯೋನಾ. ಆಮೇಲೆ ಅವನ ವಕೀಲರು ರಜೆಗೆಂದು ಸ್ಪೇನಿಗೆ ಹೋದರು. ಅವರು ಬಂದ ದಿನವೇ ಎದುರು ಪಕ್ಷದ ವಕೀಲರು ಹೋದರು. ಮನೆಯಡಿ ಹಳೇ ಕಲ್ಲಿದ್ದಲ ಗಣಿ ಇದೆಯೋ ಇಲ್ಲವೋ ಎಂದು ತಿಳಿಯಲು ಒಂದು ತಿಂಗಳು ಹಿಡಿಯಿತು. ಅಡುಗೆಮನೆ ಕಿಟಕಿಯನ್ನು ಯಾರ ಅನುಮತಿಯಿಂದ ಕೂರಿಸಿದ್ದೆಂದು ಆರು ವಾರ ಹುಡುಕಿದ ಮೇಲೆ, ಕೂರಿಸಿದ ಬಡಗಿ ಸ್ಮಶಾನದಲ್ಲಿ ಪತ್ತೆಯಾದ. ದಿನಾಂಕ ನಾಲ್ಕು ಸಲ ಮುಂದಕ್ಕೆ ಹೋಯಿತು. ಅಂತೂ ಅಕ್ಟೋಬರಿನ ಈ ಶುಕ್ರವಾರ ಬೀಗದ ಕೈ ಸಿಗುವುದೆಂದು ಎಲ್ಲರೂ ರುಜು ಹಾಕಿದ್ದರು.

“ಏನು ತೊಂದರೆ?” ಎಂದ ನೆವಿಲ್. ಅವನ ಮಂಚ, ಒಂದು ಕುರ್ಚಿ, ಹನ್ನೊಂದು ಡಬ್ಬ ಆಗಲೇ ವ್ಯಾನಿನಲ್ಲಿದ್ದವು. ಅವನ ಕೋಣೆಗೆ ಹೊಸ ಬಾಡಿಗೆದಾರ ಬಂದು ಕಿಟಕಿಗೆ ಪರದೆ ಕಟ್ಟುತ್ತಿದ್ದ.

“ನಿಮಗೆ ಮಾರೋರು ಮನೆ ಬಿಡ್ತಿಲ್ಲ. ಯಾಕಂದ್ರೆ ಅವರಿಗೆ ಮಾರೋರು ಬಿಡ್ತಿಲ್ಲ. ಯಾಕಂದ್ರೆ—”

“ಮೂಲದಲ್ಲಿ ಯಾರು ಬಿಡ್ತಿಲ್ಲ, ಅದನ್ನ ಹೇಳಿ ತಾಯಿ!”

“ಅದನ್ನೇ ಹುಡುಕ್ತಾ ಇದೀನಿ. ಮೂರೂವರೆ ಒಳಗೆ ಎಲ್ಲಾ ಮನೆ ಖಾಲಿ ಆಗ್ಬೇಕು. ಇಲ್ಲಾಂದ್ರೆ ಇವತ್ತು ಬ್ಯಾಂಕಿಂದ ದುಡ್ಡು ಹೊರಡಲ್ಲ. ನಾಳೆ ಶನಿವಾರ ಬೇರೆ.”

ವ್ಯಾನಿನ ಚಾಲಕ ಬಾರ್ನಿ ಗಡಿಯಾರ ನೋಡಿ ಸಂತೋಷಪಟ್ಟ. ಅವನದು ಗಂಟೆ ಲೆಕ್ಕದ ಬಾಡಿಗೆ.

ನೆವಿಲ್ ಕೊಳ್ಳಬೇಕಾದ ಮನೆಯ ಮುಂದೆ, ಅದನ್ನು ಮಾರುತ್ತಿದ್ದ ಮಿಸೆಸ್ ಸಗ್ಡನ್ ಫುಟ್‌ಪಾತಿನ ಮೇಲೆ ತಮ್ಮ ಸೋಫಾ ಹಾಕಿಸಿಕೊಂಡು, ಮಡಿಲಲ್ಲಿ ಗಿಳಿಯ ಪಂಜರವಿಟ್ಟುಕೊಂಡು, ಬಸ್ಸು ತಪ್ಪಿಸಿಕೊಂಡ ಮಹಾರಾಣಿಯ ಹಾಗೆ ಕೂತಿದ್ದರು. ಪಕ್ಕದ ಮನೆಯ ಎಂಟ್ವಿಸಲ್ ಗೋಡೆಯ ಮೇಲಿಂದ ಕತ್ತು ಚಾಚಿದ.

“ಓ, ಕೊಳ್ಳೋರು ನೀವೇನಾ? ಛಾವಣಿ ಸೋರೋ ವಿಷಯ ಹೇಳಿದಾರಾ?”

“ಛಾವಣಿ ಸೋರುತ್ತಾ?” ನೆವಿಲ್ ಬೆಚ್ಚಿದ.

“ಮಳೆ ಬಂದಾಗ ಮಾತ್ರ,” ಎಂದರು ಮಿಸೆಸ್ ಸಗ್ಡನ್. “ಅವನ ಮಾತು ಬಿಡಿ. ನಾನು ಹೋಗ್ಬೇಕಾದ ಮನೇಲಿ ಆ ಪೆಟಿಫರ್ ಗಂಡ ಹೆಂಡ್ತಿ ಗೂಟ ಹೊಡ್ಕೊಂಡು ಕೂತಿದಾರೆ. ನಡೀರಿ, ಕೇಳೇಬಿಡೋಣ.”

ಅವರು ಗಿಳಿ ಸಮೇತ ವ್ಯಾನ್ ಹತ್ತಿದರು. ಪೆಟಿಫರ್‌ಗಳ ಮನೆಯಲ್ಲಿ ನೋಡಿದರೆ, ಪಾತ್ರೆ ಪಗಡೆ ಎಲ್ಲ ಕಟ್ಟಿಟ್ಟು, ಮೂರು ಮಕ್ಕಳು ಒಂದೇ ಚಮಚದಲ್ಲಿ ಸರದಿಯಂತೆ ಡಬ್ಬಿಯ ಬೀನ್ಸ್ ತಿನ್ನುತ್ತಿದ್ದರು.

“ನಮ್ಮನ್ನ ಬೈದ್ರೆ ಏನು ಬಂತು?” ಎಂದ ಪೆಟಿಫರ್. “ಗುಡ್ಡದ ಮೇಲೆ ಆ ಆಕ್ರಾಯ್ಡ್ ಮುದುಕ ಕದಲ್ತಿಲ್ಲ. ಫೋನ್ ಮಾಡಿದ್ರೆ, ‘ಸ್ಯಾಂಡ್‌ವಿಚ್ ಮಾಡ್ತಾ ಇದೀನಿ’ ಅಂತ ಇಟ್ಟುಬಿಟ್ಟ!”

ಬಾರ್ನಿಯ ವ್ಯಾನು, ಹಿಂದೆ ಸಗ್ಡನ್, ಪೆಟಿಫರ್‌ಗಳ ಸಾಮಾನಿನ ವ್ಯಾನು, ಮೂರೂ ಸಾಲಾಗಿ ಗುಡ್ಡ ಹತ್ತಿದವು. ದಾರಿಯಲ್ಲಿ ಒಬ್ಬ ಮುದುಕ ಶವಯಾತ್ರೆ ಎಂದುಕೊಂಡು ಟೋಪಿ ತೆಗೆದ.

ಎಂಬತ್ತೊಂದು ವರ್ಷದ ವಿಲ್ಫ್ರೆಡ್ ಆಕ್ರಾಯ್ಡ್ ಬಾಗಿಲು ತೆರೆದು, ಎಂಟು ಜನರನ್ನೂ ಗಿಳಿಯನ್ನೂ ಕಂಡು ಮುಖ ಅರಳಿಸಿದರು. “ಬನ್ನಿ, ಬನ್ನಿ! ಬೂಟು ಒರೆಸ್ಕೊಳಿ. ಹ್ಯಾಮ್ ಸ್ಯಾಂಡ್‌ವಿಚ್ ಇದೆ, ಚಹಾ ಇದೆ.” ಇವರೆಲ್ಲರಿಗಿಂತ ಮೊದಲೇ ಬಂದಿದ್ದ ಫಿಯೋನಾ ಒಂದು ಮೂಲೆಯಲ್ಲಿ ಬಾಯ್ತುಂಬ ಸ್ಯಾಂಡ್‌ವಿಚ್ ಇಟ್ಟುಕೊಂಡು ಅಳುತ್ತಿದ್ದಳು. ಮನೆಯಲ್ಲಿ ಒಂದು ಚಮಚವೂ ಕಟ್ಟಿರಲಿಲ್ಲ.

“ಮಿಸ್ಟರ್ ಆಕ್ರಾಯ್ಡ್, ಇವತ್ತು ನೀವು ಮನೆ ಬಿಡ್ಬೇಕು,” ಎಂದ ನೆವಿಲ್. “ರುಜು ಹಾಕಿದೀರಿ.”

“ಹಾಕಿದೀನಪ್ಪ. ಇವರು ನಾಲ್ಕು ಸಲ ತಾರೀಕು ಹೇಳಿದ್ರು. ಮೊದಲ್ನೇ ಸಲ ಎಲ್ಲಾ ಕಟ್ಟಿಟ್ಟು ಮೂರು ವಾರ ಷರಟಿಲ್ದೆ ಕೂತಿದ್ದೆ. ಐದನೇ ಸಲಾನೂ ನಂಬೋಕೆ ನನಗೇನು ತಲೆ ಕೆಟ್ಟಿದ್ಯಾ?”

ಪೆಟಿಫರ್ ಕೂಡ ಸ್ಯಾಂಡ್‌ವಿಚ್ ತೆಗೆದುಕೊಂಡ.

“ಈಗ ನಂಬಿ!” ಎಂದಳು ಫಿಯೋನಾ. “ಎರಡು ಗಂಟೆ ಆಯ್ತು.”

“ನಂಬಿದೆ. ಆದ್ರೆ ಹೋಗೋದೆಲ್ಲಿಗೆ? ಕೆಳಗೆ ಊರಲ್ಲಿ ನಂದೊಂದು ಚಿಕ್ಕ ಮನೆ ಇದೆ. ಅಲ್ಲಿ ನನ್ನ ತಂಗಿ ಮಗಳು ಬ್ರೆಂಡಾ ಇದಾಳೆ. ಅವಳು ಬೇರೆ ಮನೆ ತಗೊಂಡಿದಾಳೆ. ಅವಳು ಹೊಸ ಮನೆಗೆ ಹೋದ ಕೂಡ್ಲೆ ನಾನು ಆ ಚಿಕ್ಕ ಮನೆಗೆ.”

“ಅವಳ ಹೊಸ ಮನೆ ಖಾತ್ರಿ ಆಗಿದೆ ತಾನೇ?” ಎಂದ ನೆವಿಲ್.

“ಎಲ್ಲಾ ಒಪ್ಪಿಗೆ ಆಗಿದೆ. ಅಲ್ಲೀವರೆಗೆ ಒಂದು ಮಂಚಕ್ಕೆ ಜಾಗ ಸಿಕ್ರೆ ಸಾಕು ನಂಗೆ.”

ಮಿಸೆಸ್ ಸಗ್ಡನ್ ತಾವು ಹೋಗುವ ಮನೆಗೆ ಒಂದೇ ಮಲಗುವ ಕೋಣೆ ಎಂದರು. ಮಿಸೆಸ್ ಪೆಟಿಫರ್ ಮೂರು ಮಕ್ಕಳತ್ತ ಬೆರಳು ತೋರಿಸಿದಳು. ಆಮೇಲೆ ಎಲ್ಲರೂ ನೆವಿಲ್‌ನನ್ನು ನೋಡಿದರು. ಗಿಳಿಯೂ ನೋಡಿದಂತೆ ಅವನಿಗೆ ಅನಿಸಿತು.

“ನಿಮ್ಮದು ಎರಡು ಕೋಣೆ ಮನೆ ಅಲ್ವಾ?” ಎಂದಳು ಫಿಯೋನಾ ಮೆಲ್ಲಗೆ.

“ಅಲ್ಲ, ನಾನು ಒಬ್ಬನೇ ಇರೋಣ ಅಂತ... ಇಪ್ಪತ್ತು ವರ್ಷದಿಂದ...”

“ಏನ್ರೀ ನೀವು!” ಎಂದರು ಮಿಸೆಸ್ ಸಗ್ಡನ್. “ನಾಲ್ಕು ದಿನ ಒಬ್ಬ ಮುದುಕರಿಗೆ ಜಾಗ ಕೊಡಕ್ಕಾಗಲ್ವಾ? ಇಂಥವರು ಅಂತ ಗೊತ್ತಿದ್ರೆ ನಾನು ಮನೆ ಮಾರ್ತಾನೇ ಇರ್ಲಿಲ್ಲ.”

ಕೊನೆಯ ಮಾತು ಕೇಳಿದ್ದೇ ತಡ, ನೆವಿಲ್ “ಆಯ್ತು! ಬರಲಿ!” ಎಂದು ಕೂಗಿಬಿಟ್ಟ.

ಆಮೇಲೆ ನಡೆದದ್ದು ಲೂಟಿಯಂತಿತ್ತು. ಪೆಟಿಫರ್ ಕಪಾಟು ಹೊತ್ತ, ಮಕ್ಕಳು ದಿಂಬು ಎಸೆದರು, ಫಿಯೋನಾ ಮುದುಕರ ಒಳಉಡುಪುಗಳನ್ನು ತನ್ನ ಫೈಲಿನ ಚೀಲಕ್ಕೆ ತುಂಬಿದಳು. ಬಾರ್ನಿ ಕೂಡ ಕೈ ಹಾಕಿದ. ಅದಕ್ಕೆ ಬೇರೆ ಬಾಡಿಗೆ ಎಂದ. ಮೂರು ಇಪ್ಪತ್ತೈದಕ್ಕೆ ಮನೆ ಖಾಲಿಯಾಯಿತು. ಮೂರೂವರೆಗೆ ದುಡ್ಡು ಹೊರಟಿತು. ನಾಲ್ಕಕ್ಕೆ ನೆವಿಲ್‌ನ ಅಂಗೈಯಲ್ಲಿ ಬೀಗದ ಕೈ ಇತ್ತು. ಅದನ್ನು ಅವನು ಎರಡು ಸಲ ತಿರುವಿ ನೋಡಿದ. ಹಿಂದೆ ಆಕ್ರಾಯ್ಡ್ ಕೆಮ್ಮಿದರು. “ತೆಗಿ ಮಗಾ, ಚಳಿ.”

ಐದು ಗಂಟೆಗೆ ಬ್ರೆಂಡಾ ಬಂದಳು. ಮಾವನ ಔಷಧಿಯ ಪೊಟ್ಟಣ ಕೊಟ್ಟು, ನೆವಿಲ್‌ನ ಎರಡೂ ಕೈ ಹಿಡಿದು ಕುಲುಕಿದಳು.

“ನಿಮ್ಮಂಥವರು ಎಲ್ಲಿ ಸಿಗ್ತಾರೆ! ನಂಗೂ ಇದೇ ಮೊದಲ್ನೇ ಮನೆ, ಕೈಕಾಲೇ ಆಡ್ತಿಲ್ಲ.”

“ಯಾವಾಗ ಹೋಗ್ತೀರಿ?” ನೆವಿಲ್ ನಗುತ್ತ ಕೇಳಿದ. “ಮುಂದಿನ ವಾರಾನಾ?”

“ಅಯ್ಯೋ, ನಾನು ಹೇಳಿದ ಬೆಲೆಗೆ ಅವರು ಹೂಂ ಅಂದಿದ್ದೇ ನಿನ್ನೆ ಸಾಯಂಕಾಲ! ಇನ್ನು ವಕೀಲರನ್ನ ಹುಡುಕ್ಬೇಕು. ಎಂಟು ವಾರ, ಹೆಚ್ಚೆಂದ್ರೆ ಹನ್ನೆರಡು ಅಂದಿದಾಳೆ ಫಿಯೋನಾ.”

ನೆವಿಲ್ ತನ್ನ ಒಂದೇ ಕುರ್ಚಿಗಾಗಿ ಹಿಂದಕ್ಕೆ ಕೈ ಚಾಚಿದ. ಅದರಲ್ಲಿ ಆಕ್ರಾಯ್ಡ್ ಕೂತಿದ್ದರು. ಅವರು ಬೆರಳು ಮಡಚಿ ಅಕ್ಟೋಬರಿನಿಂದ ಏಳು ತಿಂಗಳು ಎಣಿಸುತ್ತ ಬಂದು, ಮೇ ತಿಂಗಳಲ್ಲಿ ನಿಲ್ಲಿಸಿದರು.

“ಹಾಗಿದ್ರೆ ಬೀದಿ ಕಡೆಯ ದೊಡ್ಡ ಕೋಣೆ ನಂಗಿರಲಿ, ನೆವಿಲ್. ನಿನ್ನ ಮಂಚ ಹಿಂದುಗಡೆ ಹಾಕ್ಕೋ,” ಎಂದರು. “ಇನ್ನೊಂದು ಮಾತು. ನಂದು ನಾಯಿ ನಿದ್ದೆ. ಮೆಟ್ಟಿಲು ಹತ್ತೋವಾಗ ಬೂಟು ಬಿಚ್ಚು.”

ನೆವಿಲ್ ಮೆಟ್ಟಿಲ ಮೇಲೆ ಕೂತು ಬೂಟು ಬಿಚ್ಚಿದ.