ಟೆಲಿಫೋನ್ ನಂಬರಿನ ಪೂರ್ವಜನ್ಮ

ಮನುಷ್ಯನಿಗೆ ಪೂರ್ವಜನ್ಮ ಉಂಟೋ ಇಲ್ಲವೋ, ತಿಳಿದವರು ಹೇಳಲಿ. ಟೆಲಿಫೋನ್ ನಂಬರಿಗೆ ಮಾತ್ರ ಖಂಡಿತ ಉಂಟು. ಎಂಬತ್ತರ ದಶಕದ ಕೊನೆಯಲ್ಲಿ ಮುಂಬಯಿಯ ನಮ್ಮ ಘಾಟ್ಕೋಪರಿನಲ್ಲಿ ಎಕ್ಸ್‌ಚೇಂಜಿನವರು ಮನಸ್ಸು ಬಂದಾಗಲೆಲ್ಲ ನಂಬರು ಬದಲಿಸುತ್ತಿದ್ದರು. ಯಾರೋ ಬಿಟ್ಟದ್ದು ನಮಗೆ, ನಾವು ಬಿಟ್ಟದ್ದು ಇನ್ಯಾರಿಗೋ. ನಂಬರಿನ ಜೊತೆ ಅದರ ಪಾಪವೂ ಬರುತ್ತದೆಂದು ಗೊತ್ತಾದದ್ದು ಅಳಿಯನ ಮೊದಲ ದೀಪಾವಳಿಯ ವರ್ಷ.

೧. ಕೆಂಪು ಶಾಯಿ

ಹಬ್ಬಕ್ಕೆ ಹತ್ತು ದಿನವಿದೆ ಎನ್ನುವಾಗ ಗ್ಯಾಸ್ ಮುಗಿಯಿತು. ಏಜೆನ್ಸಿಗೆ ಫೋನ್ ಮಾಡಿದೆ. ಅಲ್ಲಿನ ಗುಮಾಸ್ತ ಬಿಜಾಪುರದ ಕಡೆಯವನು. ನನ್ನ ಕನ್ನಡ ಕೇಳಿ ಖುಷಿಪಟ್ಟ, ಊರು ಕೇಳಿದ, ಕೊನೆಗೆ ನಂಬರು ಕೇಳಿದ. ಹೇಳಿದ್ದೇ ತಡ, ದನಿ ಬಿಗಿಯಾಯಿತು. ಆ ನಂಬರಿನಿಂದ ಯಾರೋ ಸಿಲಿಂಡರ್ ಸೋರುತ್ತಿದೆ ಎಂದು ಸುಳ್ಳು ಹೇಳಿ ಅವರ ಮೆಕ್ಯಾನಿಕ್‌ನನ್ನು ಮೂರು ಸಲ ನಾಲ್ಕು ಮಹಡಿ ಹತ್ತಿಸಿದ್ದರಂತೆ. ಅಂದಿನಿಂದ ರಿಜಿಸ್ಟರಿನಲ್ಲಿ ಕೆಂಪು ಶಾಯಿ: ಈ ನಂಬರಿಗೆ ಗ್ಯಾಸ್ ಇಲ್ಲ. ಈ ನಂಬರು ನಮಗೆ ಬಂದು ಒಂದೇ ತಿಂಗಳಾಯಿತು, ಮೇಲಾಗಿ ನಮ್ಮದು ನೆಲಮಹಡಿ ಎಂದೆ.

“ಹಂಗಾರ ಮಹಡಿನೂ ಸುಳ್ಳ ಹೇಳ್ತೀರಿ ಅಂತ ಬರ್ಕೋತೀನ್ರಿ,” ಎಂದು ಫೋನ್ ಇಟ್ಟ.

೨. ನಡತೆ ಪತ್ರ

ಸೀಮೆಎಣ್ಣೆ ಸ್ಟವ್ ಮೇಲೆ ಹೊಸ ಅಳಿಯನಿಗೆ ಒಬ್ಬಟ್ಟು ಬೇಯಿಸುವುದಿಲ್ಲ ಎಂದು ನನ್ನ ಹೆಂಡತಿ ತೀರ್ಪು ಕೊಟ್ಟಳು. ನಾನೂ ಬಿಡುವವನಲ್ಲ. ರೇಷನ್ ಕಾರ್ಡು ಹಿಡಿದು ಏಜೆನ್ಸಿಗೇ ಹೋದೆ. ಗುಮಾಸ್ತ ಚಹಾ ತರಿಸಿದ.

“ನೀವು ಭಾಳ ಒಳ್ಳೇವ್ರ ಅದೀರಿ ಸಾಹೇಬ್ರ. ನಿಮ್ಮ ನಂಬರ್ ಕೆಟ್ಟೈತಿ.”

ನಂಬರು ಒಳ್ಳೆಯದೆಂದು ಟೆಲಿಫೋನ್ ಆಫೀಸಿನಿಂದ ಬರೆಸಿಕೊಂಡು ಬರಬೇಕಂತೆ. ಅಲ್ಲಿಗೂ ಹೋದೆ. ಕೌಂಟರಿನ ಮರಾಠಿ ಹೆಂಗಸು ಕನ್ನಡಕದ ಮೇಲಿಂದ ನನ್ನನ್ನು ನೋಡಿದರು. ತಾವು ನಂಬರು ಕೊಡುವವರು ಮಾತ್ರ, ನಡತೆ ಪತ್ರ ಬೇಕಾದರೆ ನಂಬರು ಓದಿದ ಶಾಲೆಗೆ ಹೋಗಿ ಎಂದರು.

೩. ಕಾರ್ಬನ್ ಪ್ರತಿ

ಏಜೆನ್ಸಿಯ ಮಾಲೀಕರಿಗೆ ಅರ್ಜಿ ಬರೆದೆ: ತಪ್ಪು ಮಾಡಿದ್ದು ಮನುಷ್ಯ, ನಂಬರಲ್ಲ. ದಿನಕ್ಕೊಂದರಂತೆ ಐದು ದಿನ, ಪ್ರತಿಯೊಂದಕ್ಕೂ ಕಾರ್ಬನ್ ಪ್ರತಿ ಇಟ್ಟುಕೊಂಡು. ಗುಮಾಸ್ತ ಐದನ್ನೂ ಫೈಲಿಗೆ ಸೇರಿಸಿದ. ಅಷ್ಟರಲ್ಲಿ ಎಕ್ಸ್‌ಚೇಂಜಿನವರು ನಮ್ಮ ನಂಬರನ್ನು ಮತ್ತೆ ಬದಲಿಸಿದರು. ಬದುಕಿದೆ ಎಂದು ಹೊಸ ನಂಬರಿನಿಂದ ಬುಕ್ ಮಾಡಿದರೆ, ಹೊಸ ನಂಬರು ಸಾಲಿನ ಕೊನೆಗೆ, ಹದಿನೈದು ದಿನ ಕಾಯಿರಿ ಎಂದ.

ಹಬ್ಬದ ಹಿಂದಿನ ದಿನ ಯಾರೋ ಬಾಗಿಲು ತಟ್ಟಿದರು. ನೋಡಿದರೆ ಗುಮಾಸ್ತನೇ. ಹೆಗಲ ಮೇಲೆ ತುಂಬಿದ ಸಿಲಿಂಡರ್, ಮುಖ ಮಾತ್ರ ಖಾಲಿ. ವರ್ಷಗಟ್ಟಲೆ ಕಾದ ಮೇಲೆ ಆ ವಾರ ಅವನ ಮನೆಗೂ ಫೋನ್ ಬಂದಿತ್ತು. ಯಾವ ನಂಬರೆಂದು ಕೇಳಬೇಕೆ? ನಾವು ಬಿಟ್ಟದ್ದೇ. ಅವನ ಹೆಂಡತಿ ಉತ್ಸಾಹದಿಂದ ಮೊದಲ ಫೋನನ್ನೇ ಏಜೆನ್ಸಿಗೆ ಮಾಡಿ ಸಿಲಿಂಡರ್ ಕೇಳಿದ್ದಳು. ಇವನು ಊಟಕ್ಕೆ ಹೋಗಿದ್ದ. ಮಾಲೀಕರೇ ರಿಜಿಸ್ಟರ್ ತೆಗೆದು, ಇವನದೇ ಅಕ್ಷರ ಓದಿ ಹೇಳಿ ಫೋನ್ ಇಟ್ಟಿದ್ದರು. ಇವನು ಬಂದು ಗೋಗರೆದರೆ, ನಿಯಮ ನಿಯಮವೇ, ಅರ್ಜಿ ಕೊಡು ಎಂದಿದ್ದರು.

“ಸಾಹೇಬ್ರ, ಫೈಲ್ ಮಾಲೀಕ್ರ ಕಪಾಟಿನಾಗ ಐತಿ, ನಿಮ್ಮ ಅರ್ಜಿದೊಂದು ಕಾಪಿ ಕೊಡ್ರಿ. ನನಗ ಅಷ್ಟ ಚಂದ ಬರ್ಯಾಕ ಬರಂಗಿಲ್ಲ.”

ಮೊದಲು ಸಿಲಿಂಡರ್ ಇಳಿಸಿಕೊಂಡೆ, ಆಮೇಲೆ ಕಾರ್ಬನ್ ಪ್ರತಿ ಕೊಟ್ಟೆ. ಅಲ್ಲೇ ಕೂತು ನನ್ನ ಹೆಸರು ಹೊಡೆದು ತನ್ನ ಹೆಸರು ಬರೆದ. ನಂಬರು ತಿದ್ದುವ ಕೆಲಸವೇ ಇರಲಿಲ್ಲ.